ಅಳಿಯನ ಹೆಂಡತಿ ಆಡದ ಮಾತು

ಅಕ್ಕ ಗಂಡನ ಮನೆಗೆ ತಾನಾಗಿಯೇ ವಾಪಸ್ ಹೋದಳು, ಯಾರೂ ಕಳಿಸಲಿಲ್ಲ. ನಮ್ಮ ಮನೆತನದಲ್ಲಿ ಇದನ್ನು ಹೀಗೇ ಹೇಳುತ್ತಾರೆ. ದೊಡ್ಡವ್ವ ಹೀಗೆ ಹೇಳುತ್ತಾಳೆ, ನಮ್ಮ ಅವ್ವ ಹೀಗೆ ಹೇಳುತ್ತಾಳೆ, ಬೆಟಗೇರಿಯ ದೊಡ್ಡವ್ವನ ಓಣಿಯ ನಳದ ಹತ್ತಿರ ಯಾರನ್ನು ನಿಲ್ಲಿಸಿ ಕೇಳಿದರೂ ಇದೇ ಉತ್ತರ. ಲಕ್ಷ್ಮೇಶ್ವರದಲ್ಲಿ ಕಾಳಿನ ದಲಾಲಿ ಅಂಗಡಿ ಇಟ್ಟಿರುವ ಸೋದರಮಾವ ಮಾತ್ರ ಇದಕ್ಕೊಂದು ಬಾಲ ಸೇರಿಸುತ್ತಾನೆ. "ಆ ಇಂಗ್ಲಿಷ್ ಸೀರಿಯಲ್ ನೋಡಿ ಹುಡಿಗಿಗೆ ಬುದ್ಧಿ ಬಂತ ನೋಡ್ರಿ. ಟೀವಿಯಿಂದ ಬರೇ ಕೆಟ್ಟದ್ದಽ ಆಗತೈತಿ ಅಂತೀರಿ, ಒಮ್ಮೊಮ್ಮೆ ಸಂಸಾರಾನೂ ಹಳಿ ಮ್ಯಾಲ ಬರತೈತಿ."

ಮಾವ ಆ ಸೀರಿಯಲ್ಲನ್ನು ಒಂದು ನಿಮಿಷವೂ ನೋಡಿದವನಲ್ಲ. ನಾನು ಪೂರ್ತಿ ನೋಡಿದ್ದೇನೆ, ಕೆಲವು ದೃಶ್ಯಗಳನ್ನು ಹಿಂದಕ್ಕೆ ಓಡಿಸಿ ಓಡಿಸಿ ನೋಡಿದ್ದೇನೆ. ಆದ್ದರಿಂದ ಹೇಳುತ್ತೇನೆ: ಅದರಲ್ಲಿ ಯಾರಿಗೂ ಬುದ್ಧಿ ಬರುವಂಥದ್ದೇನೂ ಇರಲಿಲ್ಲ. "ತಾನಾಗಿಯೇ" ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಯಾಕೆ ಎಂದು ಕೇಳಿದರೆ ಕಾರಣ ಕೊಡುತ್ತೇನೆ. ಕೇಳುವವರೇ ಇಲ್ಲ, ಅದೇ ತಾಪತ್ರಯ. ಚರ್ಚಾಸ್ಪರ್ಧೆಯಲ್ಲಾದರೆ ಗಂಟೆ ಬಾರಿಸುವ ತನಕ ಎದುರಿನವರು ಬಾಯಿ ಮುಚ್ಚಿಕೊಂಡು ಕೂತಿರಬೇಕೆಂಬ ನಿಯಮವಾದರೂ ಇರುತ್ತದೆ. ಮನೆಯಲ್ಲಿ ಮಾತು ಶುರುವಾಗುವುದಕ್ಕಿಂತ ಮೊದಲೇ, "ಆತು ಬಿಡು, ನಿಂದೊಂದು," ಎಂದು ಗಂಟೆ ಬಾರಿಸಿಬಿಡುತ್ತಾರೆ.

ಸೀರಿಯಲ್ಲನ್ನು ದೊಡ್ಡವ್ವನ ಮನೆಗೆ ತಂದವಳು ನಾನೇ. ನಮ್ಮ ಕಾಲೇಜಿನ ಚರ್ಚಾ ತಂಡಕ್ಕೆ ಶಿರಹಟ್ಟಿಯಲ್ಲೊಂದು ಸ್ಪರ್ಧೆ ಇತ್ತು. ವಿಷಯ: ದುಷ್ಟ ನಾಯಕನನ್ನು ಮೆಚ್ಚುವ ಪ್ರೇಕ್ಷಕನೂ ತಪ್ಪಿತಸ್ಥನೇ? ಹುಡುಗರೆಲ್ಲ ಹುಚ್ಚು ಹಿಡಿದವರಂತೆ ನೋಡುತ್ತಿದ್ದ ಒಂದು ಸೀರಿಯಲ್ಲನ್ನು ಉದಾಹರಣೆಗೆ ಇಟ್ಟುಕೊಳ್ಳಿ ಎಂದು ನಮ್ಮ ಸರ್ ಹೇಳಿದರು. ಸೂಪರ್‌ಹೀರೋಗಳ ಕಥೆ, ಆದರೆ ಮಕ್ಕಳು ನೋಡುವಂಥದ್ದಲ್ಲ. ಒಂದು ದೊಡ್ಡ ನಗರ, ಅದನ್ನು ಕಾಯಲು ಅಲೌಕಿಕ ಶಕ್ತಿಯ ಒಂದು ಗುಂಪು. ಗುಂಪಿನ ನಾಯಕ ಕೈ ಎತ್ತಿದರೆ ಬೀಳುತ್ತಿರುವುದು ಬಿದ್ದಲ್ಲೇ ನಿಲ್ಲುತ್ತದೆ, ಬಸ್ಸಾಗಲಿ, ಕಟ್ಟಡವಾಗಲಿ. ಮೊದಲ ಕಂತಿನಲ್ಲಿ ಅವನು ಕುಸಿಯುತ್ತಿದ್ದ ಸೇತುವೆಯೊಂದನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತಾನೆ. ಜನ ಅವನ ಮೂರ್ತಿ ಮಾಡಿ ನಿಲ್ಲಿಸುತ್ತಾರೆ. ಕೆಲವು ಕಂತುಗಳಾದ ಮೇಲೆ ತಿಳಿಯುತ್ತದೆ, ಸೇತುವೆಯ ಕಂಬ ಮುರಿದವನೂ ಅವನೇ. ಹಿಡಿದು ನಿಲ್ಲಿಸುವುದಕ್ಕಾಗಿಯೇ ಬೀಳಿಸಿದ್ದ. ಹಿಡಿಯಲು ತಡವಾದದ್ದರಿಂದ ಕೆಳಗಿದ್ದ ಕೆಲವರು ಸತ್ತಿದ್ದರು.

ನಮ್ಮ ಕ್ಲಾಸಿನ ಹುಡುಗರು ಇಷ್ಟು ಗೊತ್ತಾದ ಮೇಲೂ ಅವನನ್ನು ಬಿಡಲಿಲ್ಲ. ಗದಗಿನ ಕಟಿಂಗ್ ಅಂಗಡಿಗಳಲ್ಲಿ ಅವನ ಫೋಟೋ ತೋರಿಸಿ ಹಾಗೇ ಕೂದಲು ಕತ್ತರಿಸಿಕೊಂಡು ಬಂದರು. "ಅಂವಾ ಕೊಲ್ಲತಾನಲೇ," ಎಂದರೆ, "ಸ್ಟೈಲಾಗಿ ಕೊಲ್ಲತಾನವಾ," ಎಂದರು. ಅವನ ಬೆನ್ನು ಹತ್ತಿ ಸತ್ಯ ಹುಡುಕುವ ಒಬ್ಬ ಬಡಕಲು ಪತ್ರಕರ್ತನ ಪಾತ್ರವಿದೆ. ಅವನು ಬಂದಾಗ ಮಾತ್ರ ಎಲ್ಲರಿಗೂ ಆಕಳಿಕೆ. ನಾನು ಕ್ಯಾಂಟೀನಿನಲ್ಲಿ ಕುಳಿತು ಒಬ್ಬೊಬ್ಬನ ವಾದವನ್ನೂ ಮುರಿಯುತ್ತಿದ್ದೆ. ಮುರಿದದ್ದು ಅವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಮುರುಕು ವಾದವನ್ನೇ ಹೊತ್ತುಕೊಂಡು ನಗುತ್ತ ಎದ್ದು ಹೋಗುತ್ತಿದ್ದರು.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ನೆಟ್ಟಗಿಲ್ಲ. ದೊಡ್ಡವ್ವನ ಮನೆಯಲ್ಲಿ ದೊಡ್ಡ ಟೀವಿ ಇದೆ, ಮೊಬೈಲಿನಿಂದ ಅದಕ್ಕೆ ಹಚ್ಚಬಹುದು. ಆದ್ದರಿಂದ ಮಧ್ಯಾಹ್ನ ಕಾಲೇಜು ಮುಗಿಸಿ ನಾನು ಅಲ್ಲಿಗೆ ಹೋಗತೊಡಗಿದೆ.

ಆ ಹೊತ್ತಿಗೆ ದೊಡ್ಡವ್ವನ ಪಡಸಾಲೆಯಲ್ಲಿ ಕುಚ್ಚು ಕಟ್ಟುವ ಕೆಲಸ ನಡೆದಿರುತ್ತದೆ. ಮಗ್ಗದಿಂದ ಇಳಿದ ಸೀರೆಯ ಸೆರಗಿನ ತುದಿಯಲ್ಲಿ ಬಿಡಿ ಎಳೆಗಳು ಉಳಿದಿರುತ್ತವೆ. ಅವನ್ನು ಸಮವಾಗಿ ಪಾಲು ಮಾಡಿ, ಹೊಸೆದು, ಗಂಟು ಹಾಕಿ, ಸಾಲಾಗಿ ಕುಚ್ಚು ಇಳಿಬಿಡಬೇಕು. ಒಂದು ಪಾಲಿನಲ್ಲಿ ಎಳೆ ಹೆಚ್ಚುಕಡಿಮೆಯಾದರೆ ಇಡೀ ಸಾಲು ಸೊಟ್ಟಗಾಗುತ್ತದೆ, ಅಂಗಡಿಯವರು ಸೀರೆ ವಾಪಸ್ ಕಳಿಸುತ್ತಾರೆ. ಅಲ್ಲಿ ಕೂಡುತ್ತಿದ್ದವರು ದೊಡ್ಡವ್ವ, ಬಾಜೂ ಮನೆಯ ಖಾಲಾ, ಎದುರು ಮನೆಯ ಮುದುಕಿ ಆಯಿ. ಖಾಲಾನ ಗಂಡ ಟೇಲರ್, ಆಯಿ ಯಾರ ಆಯಿ ಎಂಬುದು ಈಗ ಓಣಿಗೇ ಮರೆತುಹೋಗಿದೆ. ಮೂವರ ಕಣ್ಣೂ ಸೆರಗಿನ ಮೇಲೆ. ಕೈ ನಿಲ್ಲಿಸಿ ಟೀವಿ ನೋಡುವ ಪದ್ಧತಿ ಆ ಪಡಸಾಲೆಯಲ್ಲಿಲ್ಲ. ಅವರು ಟೀವಿ ಕೇಳುತ್ತಾರೆ. ಮಧ್ಯಾಹ್ನದ ಕನ್ನಡ ಧಾರಾವಾಹಿಗಳನ್ನೆಲ್ಲ ಹೀಗೆ ಕೇಳಿಕೊಂಡೇ ಮುಗಿಸಿದವರು. ಯಾರ ಅತ್ತೆ ಯಾರಿಗೆ ವಿಷ ಹಾಕಿದಳು ಎಂದು ತಲೆ ಎತ್ತದೆ ಹೇಳಬಲ್ಲರು.

ನಾಲ್ಕನೆಯವಳು ಅಕ್ಕ, ದೊಡ್ಡವ್ವನ ಮಗಳು. ಮುಂಡರಗಿಗೆ ಕೊಟ್ಟಿದ್ದರು. ಬೀಜ ಗೊಬ್ಬರದ ಅಂಗಡಿ, ಸ್ವಂತ ಮನೆ, ತೋರಿಸಲು ಒಂದೂ ಕೊರತೆಯಿಲ್ಲದ ಗಂಡ. "ಸ್ವಲ್ಪ ಆರಾಮಿಲ್ಲ, ನಾಲ್ಕ ದಿನ ಇರಾಕ ಬಂದಾಳ," ಎಂದು ದೊಡ್ಡವ್ವ ಓಣಿಗೆ ಹೇಳಿದ್ದಳು. ನಾಲ್ಕು ದಿನ ತಿಂಗಳುಗಳಾಗಿದ್ದವು. ಏನು ಆರಾಮಿಲ್ಲ ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದ್ದೆ. "ಬ್ಯಾಸರಾಗಿತ್ತು," ಎಂದಿದ್ದಳು. ಮದುವೆಗೆ ಮುಂಚೆ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹುಡುಗಿ. ಅವಳು ಪಾಠ ಹೇಳುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಹಿಂದಿನ ಬೆಂಚಿನ ಹುಡುಗರೂ ಬಾಯಿ ತೆರೆದು ಕೂತಿರುತ್ತಿದ್ದರು.

ನಾನು ಸೀರಿಯಲ್ ಹಚ್ಚಿದ ಮೊದಲ ದಿನ ದೊಡ್ಡವ್ವ, "ಇದೇನ ಟುಸ್ ಪುಸ್ ಹಚ್ಚೀಯವಾ," ಎಂದು ಬಯ್ದಳು.

"ನಂದ ಕಾಲೇಜಿನ ಅಭ್ಯಾಸ ಐತಿ ದೊಡ್ಡವ್ವಾ, ಒಂದ ತಾಸು."

"ಟೀವಿ ನೋಡೂದು ಅಭ್ಯಾಸನ? ನಮ್ಮ ಕಾಲದಾಗ ಇದಕ್ಕ ಹೊಡತಾ ಬೀಳತಿದ್ವು."

ಆಗ ಅಕ್ಕ, ಎಳೆ ಹೊಸೆಯುತ್ತಲೇ, ತೆರೆಯ ಮೇಲಿನ ಮಾತನ್ನು ಕನ್ನಡದಲ್ಲಿ ಹೇಳತೊಡಗಿದಳು. ಕೈ ಹೊಸೆಯುತ್ತಿತ್ತು, ಕಣ್ಣು ತೆರೆಯ ಮೇಲಿತ್ತು. ಕೆಳಗೆ ನೋಡದೆ ಕುಚ್ಚು ಕಟ್ಟಬಲ್ಲವಳು ಆ ಪಡಸಾಲೆಯಲ್ಲಿ ಅವಳೊಬ್ಬಳೇ. ನಗರದ ಮೇಯರ್ ನಗರಸಭೆ ಅಧ್ಯಕ್ಷನಾದ. ಅವರು ತಿನ್ನುತ್ತಿದ್ದುದು ರೊಟ್ಟಿಯಾಯಿತು. ಪೊಲೀಸ್ ಅಧಿಕಾರಿ "ಏ ಮಗನಽ, ಸರಿ ಅತ್ತಾಗ," ಎಂದ. ಸ್ವಲ್ಪ ಹೊತ್ತಿನಲ್ಲಿ ಆ ಪರದೇಶದ ಊರು ಬೆಟಗೇರಿಯ ಆಚೆ ಎಲ್ಲೋ ಇದೆ ಅನ್ನಿಸತೊಡಗಿತು. ನಾಯಕ ಸೇತುವೆ ಹಿಡಿದು ನಿಂತಾಗ ಗದ್ದಲಕ್ಕೆ ಮೂವರೂ ತಲೆ ಎತ್ತಿದರು.

"ಏನ್ ಚಂದ ಅದಾನಽ," ಎಂದಳು ಆಯಿ. "ಇಂಥಾಂವ ಅಳಿಯಾ ಆಗಬೇಕ ನೋಡ."

ಅಂದಿನಿಂದ ಅವನ ಹೆಸರು ಅಳಿಯ. ಮರುದಿನದಿಂದ ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ, "ಹಚ್ಚವಾ, ಅಳಿಯಾನ್ನ ಕರಿ," ಎನ್ನುವುದು ರೂಢಿಯಾಯಿತು. ಖಾಲಾ ಅವನ ಉಡುಪನ್ನು ಮೆಚ್ಚಿದಳು. "ಹೊಲದಾವ ಯಾರೋ, ಭುಜಕ್ಕ ಒಂದ ಸುಕ್ಕಿಲ್ಲ. ನಮ್ಮನಿಯವರಿಗೆ ತೋರಸಬೇಕು." ಪತ್ರಕರ್ತನನ್ನು ಮೂವರೂ ಸೇರಿ ದ್ವೇಷಿಸಿದರು. "ತಲಿ ತೊಳಕೊಂಡ ಎಷ್ಟ ದಿನಾ ಆತೋ! ಮನ್ಯಾಗ ಹೇಳಾವರಿಲ್ಲ ಕೇಳಾವರಿಲ್ಲ, ಮಂದಿ ಮನಿ ಇಣಕಿ ನೋಡಕೋತ ತಿರಗತಾನ."

ಸೇತುವೆಯ ಸತ್ಯ ಹೊರಬಿದ್ದ ದಿನ ನನ್ನ ಎದೆ ಹಿಗ್ಗಿತ್ತು. ಈಗ ನೋಡೋಣ ಎಂದು ಕಾದೆ. ಅಕ್ಕ ಆ ದೃಶ್ಯವನ್ನು ಒಂದು ಮಾತೂ ಬಿಡದೆ ಹೇಳಿದಳು. ಕಂಬ ಮುರಿದದ್ದು, ತಡ ಮಾಡಿದ್ದು, ಸತ್ತವರ ಚಪ್ಪಲಿಗಳು ನೀರಿನಲ್ಲಿ ತೇಲಿದ್ದು.

"ಬೀಳಸಿದಾವನೂ ಅವನಽ," ನಾನೆಂದೆ. "ಈಗೇನಂತೀರಿ?"

ದೊಡ್ಡವ್ವ ಗಂಟನ್ನು ಹಲ್ಲಿನಿಂದ ಬಿಗಿದಳು. "ಆಮ್ಯಾಲ ಹಿಡದಾನಿಲ್ಲೋ?"

"ಹಿಡದದ್ದಲ್ಲ ದೊಡ್ಡವ್ವಾ, ಮೊದಲ ಬೀಳಸಿದ್ದ..."

"ಪೂರಾ ಬಿಟ್ಟಿದ್ರ ಎಲ್ಲಾರೂ ಸಾಯತಿದ್ರು. ಉಳದಾವರನ್ನ ಎಣಸು, ಸತ್ತಾವರನ್ನ ಯಾಕ ಎಣಸತಿ?"

ನಾನು ಹೇಳಬಹುದಾದುದನ್ನೆಲ್ಲ ಹೇಳಿದೆ. ಉದ್ದೇಶ ಬೇರೆ, ಫಲ ಬೇರೆ ಎಂದೆ. ಮನೆಗೆ ಬೆಂಕಿ ಹಚ್ಚಿದವನೇ ನೀರು ತಂದರೆ ಆರತಿ ಎತ್ತುತ್ತೀರೇನು ಎಂದೆ. ಸ್ಪರ್ಧೆಯಲ್ಲಾಗಿದ್ದರೆ ಆ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಖಾಲಾ, "ಬೇಟಿ, ಸ್ವಲ್ಪ ಸರಕೊಂಡ ಕುಂಡ್ರು, ಬೆಳಕಿಗೆ ಅಡ್ಡ ಬಂದಿ," ಎಂದಳು. ಅಕ್ಕ ಮಾತ್ರ ನಕ್ಕಳು. ಅವಳು ಪರವೂ ಮಾತಾಡಲಿಲ್ಲ, ವಿರುದ್ಧವೂ ಮಾತಾಡಲಿಲ್ಲ. ಅವಳ ಪಾಲಿಗೆ ಹೇಳುವ ಕೆಲಸವಿತ್ತು.

ಆ ನಾಯಕನಿಗೊಬ್ಬಳು ಹೆಂಡತಿಯಿದ್ದಾಳೆ. ಕಥೆಯಲ್ಲಿ ಅವಳಿಗೆ ಹೆಚ್ಚು ಜಾಗವಿಲ್ಲ. ಎತ್ತರದ ಮನೆಯೊಂದರಲ್ಲಿ ಊಟದ ಮೇಜಿನ ಮುಂದೆ ಕೂತಿರುತ್ತಾಳೆ, ಸಮಾರಂಭಗಳಲ್ಲಿ ಪಕ್ಕದಲ್ಲಿ ನಿಂತಿರುತ್ತಾಳೆ. ಸದಾ ದಣಿದ ಮುಖ. ಪ್ರೇಕ್ಷಕರಿಗೆ ಅವಳನ್ನು ಕಂಡರಾಗದು. ಮೊಬೈಲಿನಲ್ಲಿ ನೋಡಿದರೆ ಲೋಕದ ಮೂಲೆಮೂಲೆಯ ಜನ ಅವಳನ್ನು ಬಯ್ದು ಬರೆದಿದ್ದರು: ಬೋರು, ಅಳುಮೋರೆ, ಇವಳನ್ನು ಯಾವಾಗ ಸಾಯಿಸುತ್ತೀರಿ. ನಮ್ಮ ಪಡಸಾಲೆಯೂ ಹೆಸರಿಟ್ಟಿತ್ತು, ಅಳಬುರಕಿ. "ಬಂದ್ಲ ನೋಡ ಅಳಬುರಕಿ. ಅಂಥಾ ಗಂಡನ್ನ ಮಾಡಕೊಂಡ ಮಾರಿ ಯಾಕ ಹಿಂಗ ಮಾಡಕೊಂಡಾಳೋ," ಎಂದು ದೊಡ್ಡವ್ವ ಪ್ರತಿಸಲ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನದ ಕಂತಿನಲ್ಲಿ ಗಂಡ ಹೆಂಡತಿ ಇಬ್ಬರೇ ಊಟಕ್ಕೆ ಕೂತಿದ್ದರು. ಹಿನ್ನೆಲೆ ಸಂಗೀತವೂ ಇಲ್ಲ, ತಟ್ಟೆಯ ಸಪ್ಪಳ ಅಷ್ಟೇ. ಹೆಂಡತಿ ಏನೋ ಅಂದಳು. ಅಕ್ಕ ಹೇಳತೊಡಗಿದಳು.

"ನೀ ನನಗ ಎಂದೂ ಹೊಡದಿಲ್ಲ. ಅದಽ ನನಗ ಕಷ್ಟ ಆಗೇತಿ. ಹೊಡದಿದ್ರ ಯಾರಿಗರೆ ತೋರಸಾಕ ಏನರೆ ಇರತಿತ್ತು. ಹೊರಗ ಹೋಗೂ ಮುಂದ ಹೊರಗಿಂದ ಕೀಲಿ ಹಾಕ್ಕೊಂಡ ಹೋಗತಿ. ನನ್ನ ಫೋನು ನಿನ್ನ ಕಿಸೆದಾಗ ಇರತೈತಿ. ನಾಲ್ಕ ಮಂದಿ ಬಂದ್ರ ನಮ್ಮನಿ ಲಕ್ಷ್ಮಿ ಅಂತಿ, ಅವರ ಹ್ವಾದ ಮ್ಯಾಲ ವಾರಗಟ್ಟಲೆ ಮಾತಾಡಂಗಿಲ್ಲ. ನಾ ಮಾತಾಡಿದ್ರ ಗ್ವಾಡಿ ಮಾತಾಡಿದಂಗ ನೋಡತಿ. ಈಗ ನನಗ ನಾ ಸಾರಿಗೆ ಉಪ್ಪ ಹಾಕೀನೋ ಇಲ್ಲೋ ಅನ್ನೂದೂ ಖಾತ್ರಿ ಇರಂಗಿಲ್ಲ."

ಖಾಲಾ ತಲೆ ಎತ್ತಿ ತೆರೆ ನೋಡಿದಳು. "ಆಕಿ ಬಾಯಿ ಮುಚ್ಚಿ ಆತಲ್ಲ ಬೇಟಿ, ನೀ ಇನ್ನೂ ಹೇಳಾಕತ್ತಿ?"

"ಇಂಗ್ಲಿಷ್ ಮಾತ ಸಣ್ಣೂ ಇರತಾವ ಖಾಲಾ. ಕನ್ನಡದಾಗ ಬಿಡಿಸಿ ಹೇಳಬೇಕಾಗತೈತಿ."

ನನಗೂ ಅನುಮಾನ ಬರಲಿಲ್ಲ. ಟೀವಿಯ ಸದ್ದು ಕಡಿಮೆಯಿತ್ತು, ಅಕ್ಕನ ದನಿ ಅದರ ಮೇಲಿತ್ತು. ರೊಟ್ಟಿ, ನಗರಸಭೆ ಬಂದ ಮೇಲೆ ಲಕ್ಷ್ಮಿ ಬರುವುದರಲ್ಲಿ ವಿಶೇಷವೇನು? ನಾನು ನನ್ನ ಪಾಯಿಂಟು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಕ್ಕ ಎಂದೂ ಮಾಡದ ಕೆಲಸ ಮಾಡಿದಳು. ರಿಮೋಟ್ ತೆಗೆದುಕೊಂಡು ಚಿತ್ರ ನಿಲ್ಲಿಸಿದಳು.

"ಆಕಿ ಏನ ಮಾಡಬೇಕ ಅಂತೀರಿ?" ಎಂದು ಕೇಳಿದಳು.

"ಏನ ಮಾಡತಾಳ?" ದೊಡ್ಡವ್ವ ತಲೆ ಎತ್ತಲಿಲ್ಲ. "ಮನಿ ಐತಿ, ಉಣ್ಣಾಕ ತಿನ್ನಾಕ ಐತಿ, ಗಂಡ ಊರ ಕಾಯಾಂವ. ಅಂಥಾವರಿಗೆ ಸ್ವಲ್ಪ ಸಿಟ್ಟ ಸೆಡವು ಇರತಾವ. ಹೊಂದಕೊಂಡ ಹೋಗಬೇಕು."

"ಹೊರಗಿಂದ ಕೀಲಿ ಹಾಕತಾನಂತಲ್ಲ?" ಆಯಿ ಕೇಳಿದಳು.

"ಹಾಕಲಿ ಬಿಡ್ರಿ. ವೈರಿಗಳ ಎಷ್ಟ ಅದಾರ ಅವಗ. ಹೆಂಡತಿಗೆ ಯಾರರೆ ಏನರೆ ಮಾಡಿದ್ರ?"

"ಒಳಗ ಬೆಂಕಿ ಬಿದ್ರ?" ಖಾಲಾ.

"ಬಿದ್ರ ಹಾರಿ ಬರತಾನ!"

ಮೂವರೂ ನಕ್ಕರು. ನನಗೆ ಮೈ ಉರಿಯಿತು. "ಇದಕ್ಕ ಕಾಯೂದು ಅನ್ನಂಗಿಲ್ಲ, ಜೈಲು ಅಂತಾರ," ಎಂದು ಶುರು ಮಾಡಿದೆ. ಕೀಲಿ ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ಅದು ಮನೆಯೋ ಜೈಲೋ ತೀರ್ಮಾನವಾಗುತ್ತದೆ ಎಂದೆ. ಹೊಡೆತ ಒಂದೇ ಹಿಂಸೆಯಲ್ಲ, ಕಾನೂನೂ ಹಾಗೆ ಹೇಳುವುದಿಲ್ಲ ಎಂದೆ. ಅವಳು ಇವತ್ತೇ ಅಲ್ಲಿಂದ ಹೊರಬೀಳಬೇಕು ಎಂದೆ. ಇವೆಲ್ಲ ಸರಿಯಾದ ಮಾತುಗಳು. ಇವತ್ತಿಗೂ ಅವುಗಳಲ್ಲಿ ಒಂದು ಅಕ್ಷರ ಬದಲಿಸುವುದಿಲ್ಲ.

"ನೀ ಮೊದಲ ಲಗ್ನ ಆಗು," ದೊಡ್ಡವ್ವ ಹೇಳಿದಳು, "ಆಮ್ಯಾಲ ಪಾಯಿಂಟ್ ಹೇಳು."

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಅವಳವ್ವನ ನೆತ್ತಿಯ ಮೇಲಿತ್ತು. "ತವರಮನಿಗೆ ಹ್ವಾದ್ರ?" ಎಂದು ಕೇಳಿದಳು.

"ಹೋಗತಾಳ. ಎಷ್ಟ ದಿನ ಇರತಾಳ? ಹೆತ್ತಾವರಿಗೂ ಓಣ್ಯಾಗ ಒಂದ ಮಾನಾ ಅಂತ ಇರತೈತಲ್ಲ. ಹಚ್ಚು, ಮುಂದ ಹಚ್ಚು."

ಅಕ್ಕ ಮುಂದೆ ಹಚ್ಚಿದಳು.

ಅದೇ ವಾರ ಶಿರಹಟ್ಟಿಯ ಸ್ಪರ್ಧೆ ಬಂತು. ಅಲ್ಲಿ ಯಾವ ಪಕ್ಷ ಎಂಬುದನ್ನು ಚೀಟಿ ಎತ್ತಿ ಹೇಳುತ್ತಾರೆ. ನನ್ನ ಚೀಟಿಯಲ್ಲಿ "ಪ್ರೇಕ್ಷಕ ತಪ್ಪಿತಸ್ಥನಲ್ಲ" ಎಂದಿತ್ತು. ಮಾತಾಡಿದೆ. ನೋಡುವವನ ಮೆಚ್ಚುಗೆಯಿಂದ ತೆರೆಯ ಮೇಲಿನವರಿಗೆ ಗಾಯವಾಗುವುದಿಲ್ಲ, ಪಾತ್ರಗಳಿಗೆ ರಕ್ತವಿಲ್ಲ ಎಂದೆಲ್ಲ ಹೇಳಿದೆ. ಎರಡನೆಯ ಬಹುಮಾನ ಕೊಟ್ಟರು. ಸಂಜೆ ಬಸ್ಸಿಳಿದು ಬೆಟಗೇರಿಗೆ ಬಂದರೆ ಅಕ್ಕ ಇರಲಿಲ್ಲ. ಬೆಳಿಗ್ಗೆ ಎದ್ದವಳೇ, "ಊರಿಗೆ ಹೋಗತೀನಿ," ಎಂದಳಂತೆ. ದೊಡ್ಡವ್ವ ಹಿಗ್ಗಿ ಉಡಿ ತುಂಬಿದಳಂತೆ. ಲಕ್ಷ್ಮೇಶ್ವರದ ಮಾವ ಯಾವುದೋ ಕೆಲಸಕ್ಕೆ ಬಂದವನು ಜೀಪಿನಲ್ಲಿ ಕರೆದುಕೊಂಡು ಹೋಗಿ ಮುಂಡರಗಿಯ ಮನೆಯ ಬಾಗಿಲಿಗೇ ಬಿಟ್ಟು, ಅಳಿಯನ ಕೈಯಿಂದ ಚಹಾ ಕುಡಿದು ಬಂದನಂತೆ. "ನಕ್ಕೋತ ಹೋದ್ಲು," ಎಂದು ನಮ್ಮ ಅವ್ವ ಹೇಳಿದಳು. ನಕ್ಕಿದ್ದಾಳೆ ಅಂದರೆ ಇಷ್ಟಪಟ್ಟು ಹೋಗಿದ್ದಾಳೆ, ಇಷ್ಟಪಟ್ಟು ಹೋಗಿದ್ದಾಳೆ ಅಂದರೆ ಎಲ್ಲಾ ಸರಿಯಾಗಿದೆ. ನಮ್ಮ ಮನೆಯ ತರ್ಕ ಇಷ್ಟು ಸಲೀಸು.

ಕೆಲವು ದಿನಗಳ ಮೇಲೆ ಕ್ಯಾಂಟೀನಿನಲ್ಲಿ ಮತ್ತೆ ಅದೇ ಜಗಳ. ನಾನು ಹೆಂಡತಿಯ ಪರವಾಗಿ ಕೀಲಿಯ ಮಾತು ಎತ್ತಿದೆ. ನಮ್ಮ ತಂಡದ ಒಬ್ಬಳು ಹುಬ್ಬು ಗಂಟಿಕ್ಕಿದಳು. "ಯಾವ ಕೀಲಿನಽ? ಆಕಿ ಎಲ್ಲಿ ಹಂಗಂದಾಳ?"

"ಊಟದ ಸೀನಿನಾಗ."

"ಆ ಸೀನಿನಾಗ ಆಕಿ ಬಾಯಿ ತೆರೆಯೂದಽ ಒಂದ ಸಲ."

ಆಧಾರ ತೋರಿಸದೆ ಮಾತಾಡಬಾರದು ಎಂದು ಇನ್ನೊಬ್ಬರಿಗೆ ಬುದ್ಧಿ ಹೇಳುವವಳು ನಾನು. ಅಲ್ಲೇ ಮೊಬೈಲ್ ತೆಗೆದು, ಕೆಳಗೆ ಅಕ್ಷರ ಬರುವಂತೆ ಮಾಡಿ, ಆ ದೃಶ್ಯ ಹಚ್ಚಿದೆ. ಹೆಂಡತಿ ಹೇಳುವುದು ಇಷ್ಟೇ: ನಾಳೆಯ ಸಮಾರಂಭಕ್ಕೆ ನಾನು ಬರುವುದಿಲ್ಲ, ನೀನೊಬ್ಬನೇ ಹೋಗು. ಆಮೇಲೆ ನೀರು ಕುಡಿಯುತ್ತಾಳೆ. ಕೀಲಿ ಇಲ್ಲ. ಫೋನು ಇಲ್ಲ. ಉಪ್ಪು ಇಲ್ಲ. ಅವಳ ಮನೆಯ ಬಾಗಿಲಿಗೆ ಕೀಲಿ ಹಾಕುವ ಜಾಗವೇ ಇಲ್ಲ, ಅದು ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು.

ಹಿಂದಿನ ಕಂತುಗಳನ್ನೂ ನೋಡಿದೆ. ಸೇತುವೆಯ ದೃಶ್ಯದಲ್ಲಿ ಅಕ್ಕ ಒಂದು ಮಾತನ್ನೂ ಸೇರಿಸಿರಲಿಲ್ಲ, ಕಳೆದಿರಲಿಲ್ಲ. ಪತ್ರಕರ್ತನದೂ ಸರಿಯಾಗಿತ್ತು. ಹೆಂಡತಿಯ ಮಾತುಗಳು ಮಾತ್ರ ಮೊದಲಿನಿಂದಲೂ ಚೂರುಚೂರು ಬೆಳೆದಿದ್ದವು. ಒಂದು ಕಡೆ ಅವಳು ಬರೇ ನಿಟ್ಟುಸಿರು ಬಿಡುತ್ತಾಳೆ. ಅಕ್ಕ ಅಲ್ಲಿ, "ನಮ್ಮವ್ವಗ ಹೇಳಿದ್ರ ನಂಬತಾಳೋ ಇಲ್ಲೋ," ಎಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆವಾಗ ದೊಡ್ಡವ್ವ, "ಇಕಿಗೂ ಒಬ್ಬಾಕಿ ಅವ್ವ ಅದಾಳೇನು? ಮಗಳಿಗೆ ಬುದ್ಧಿ ಕಲಿಸಿಲ್ಲ," ಎಂದಿದ್ದಳು.

ಅದೇ ಮಧ್ಯಾಹ್ನ ಪಡಸಾಲೆಗೆ ಹೋಗಿ, ಮೊಬೈಲನ್ನು ದೊಡ್ಡವ್ವನ ಮಡಿಲಿನ ಸೀರೆಯ ಮೇಲೆ ಇಟ್ಟೆ. ಎಲ್ಲ ಹೇಳಿದೆ. ಆ ಹೆಂಗಸು ಅಂದದ್ದು ಇಷ್ಟು, ಅಕ್ಕ ಅಂದದ್ದು ಅಷ್ಟು. ಉಳಿದ ಮಾತು ಯಾರದು, ನೀವೇ ಹೇಳಿ ಎಂದೆ.

ಖಾಲಾನ ಕೈ ನಿಂತಿತು. "ಅಂದ್ರ ಆ ಕೀಲಿ..." ಎಂದಳು. ಆಯಿ, "ಯವ್ವಾ," ಎಂದಳು.

ದೊಡ್ಡವ್ವ ಮೊಬೈಲನ್ನು ಎತ್ತಿ ಪಕ್ಕಕ್ಕಿಟ್ಟಳು. "ಸೀರಿ ಹೊಲಸಾಗತೈತಿ. ಟೀವ್ಯಾಗಿಂದು ಟೀವ್ಯಾಗ. ಆಕೀ ಆರಾಮ ಅದಾಳ. ನಿನ್ನಿ ಫೋನ್ ಮಾಡಿದ್ಲು."

"ಯಾರ ಫೋನಿಂದ?"

"ಅವನ ಫೋನಿಂದ. ಯಾಕ?"

ದೊಡ್ಡವ್ವ ಸ್ವಲ್ಪ ಹೊತ್ತು ಎಳೆಗಳನ್ನು ಪಾಲು ಮಾಡಿದಳು, ಬಿಚ್ಚಿದಳು, ಮತ್ತೆ ಮಾಡಿದಳು. ಆಮೇಲೆ, "ಖಾಲಾ, ನಿಂದ ಕುಚ್ಚ ಸಡ್ಲ ಆಗೇತಿ ನೋಡ, ಬಿಗದ ಕಟ್ಟು," ಎಂದಳು. ಖಾಲಾನದು ಸಡಿಲವಾಗಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಮುಂದಿತ್ತು. ಎರಡು ದಿನ ಬಿಟ್ಟು ಆಯಿ ತಾನೇ ಕರೆದು, "ಅಳಿಯಾ ಏನಾದ, ನೀನಽ ಹೇಳವಾ," ಎಂದಳು. ಹಚ್ಚಿದೆ. ಇದ್ದದ್ದನ್ನು ಇದ್ದ ಹಾಗೆ, ಒಂದು ಮಾತೂ ಆಚೀಚೆ ಮಾಡದೆ ಹೇಳಿದೆ. ಹೆಂಡತಿ ಬಂದಳು, "ಕಾರು ಬಂದಿದೆ," ಎಂದಳು, ಹೋದಳು.

"ಅಷ್ಟಽನ?" ಎಂದಳು ಖಾಲಾ.

"ಅಷ್ಟಽ."

"ನಿನಗ ಹೇಳಾಕ ಬರಂಗಿಲ್ಲ ಬಿಡು. ಆಕೀ ಹೇಳೂ ಮುಂದ ಆ ಹೆಂಗಸಿನಾಗ ಜೀವ ಇತ್ತು."

ಇಂಥವರ ಮುಂದೆ ಯಾವ ಆಧಾರ ಇಟ್ಟು ಏನು ವಾದ ಮಾಡುವುದು? ಜೀವ ಇದ್ದದ್ದು ಗೊತ್ತಿತ್ತು ಇವರಿಗೆ. ಜೀವ ಇದ್ದದ್ದಕ್ಕೇ ಅವಳನ್ನು ಇನ್ನಷ್ಟು ಬಯ್ದಿದ್ದರು. ನನಗೆ ಅಲ್ಲಿ ಅಳುವಷ್ಟು ಸಿಟ್ಟು ಬಂತು. ಟೀವಿ ಬಂದ್ ಮಾಡಿ ಎದ್ದು ಬಂದೆ. ಅವ್ವನಿಗೆ ಹೇಳಿದೆ. "ಆಕಿ ಬಾಯಿಬಿಟ್ಟ ಹೇಳ್ಯಾಳೇನು? ಇಲ್ಲಲ್ಲ. ನೀ ಯಾಕ ಇಲ್ಲದ್ದ ಹಚ್ಚತಿ?" ಎಂದಳು. ಮಾವನಿಗೆ ಫೋನ್ ಮಾಡಿದೆ. ಗದಗ ಹೊಸ ಜಿಲ್ಲಾ ಆಗುವಾಗ ತಾನು ಎಷ್ಟು ಮಂದಿಯ ಜಗಳ ಬಗೆಹರಿಸಿದ್ದೆ ಎಂಬಲ್ಲಿಂದ ಶುರು ಮಾಡುವುದು ಅವನ ಅಭ್ಯಾಸ. ನನಗಿಂತ ಹಿರಿಯದಾದ ಈ ಜಿಲ್ಲೆಯನ್ನು ಈಗಲೂ ಹೊಸದು ಎನ್ನುತ್ತಾನೆ. ಕೊನೆಗೆ, "ಅಂವಾ ಛಲೋ ಹುಡುಗ. ಸಿಂಗಟಾಲೂರು ಕಡೆ ರೈತರನ್ನ ಕೇಳು, ಬೀಜ ಉದ್ರಿ ಕೊಟ್ಟು ಕಾಯತಾನ. ದೇವರಂಥಾಂವ," ಎಂದ. ಊರಿಗೆ ಒಳ್ಳೆಯವನಾದವನು ಮನೆಗೂ ಒಳ್ಳೆಯವನೇ ಆಗಿರಬೇಕು. ಸೇತುವೆ ಹಿಡಿದು ನಿಂತವನ ಮೂರ್ತಿ ಮಾಡಿದ ಜನಕ್ಕೂ ನಮ್ಮ ಮಾವನಿಗೂ ಏನು ವ್ಯತ್ಯಾಸ ಎಂದು ಕೇಳಿದೆ. ಯಾವ ಸೇತುವೆ ಎಂದ. ಫೋನ್ ಇಟ್ಟೆ.

ಯಾರಿಗೂ ಹೇಳದೆ ಮುಂಡರಗಿಯ ಬಸ್ ಹತ್ತಿದೆ. ಡಂಬಳ ದಾಟುವ ತನಕ ಹೇಳಬೇಕಾದುದನ್ನು ಮನಸ್ಸಿನಲ್ಲಿ ಜೋಡಿಸಿದೆ, ದಾಟಿದ ಮೇಲೆ ಎಲ್ಲ ಕೆಡಿಸಿ ಮತ್ತೆ ಜೋಡಿಸಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಡಿಯ ಹೆಸರು ಹೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಆದರೆ ಬಾಗಿಲಿಗೆ ಹೊರಗಿನಿಂದ ಕೀಲಿ ಬಿದ್ದಿತ್ತು. ಎಲ್ಲೋ ಹೋಗಿದ್ದಾರೆ ಎಂದು ತಿರುಗಬೇಕು, ಅಷ್ಟರಲ್ಲಿ ಕಿಟಕಿಯಿಂದ ಅಕ್ಕನ ದನಿ ಬಂತು.

"ಬಂದೇನಽ? ಕಟ್ಟಿ ಮ್ಯಾಲ ಕುಂಡ್ರು. ಅವ್ರು ಊಟಕ್ಕ ಬರೂ ಹೊತ್ತಾತು."

ಕಿಟಕಿಯ ಸರಳುಗಳಾಚೆ ನಿಂತಿದ್ದಳು. ನೀಟಾಗಿ ತಲೆ ಬಾಚಿಕೊಂಡಿದ್ದಳು, ಹೂ ಮುಡಿದಿದ್ದಳು. ನೀರು ಕೊಟ್ಟಳು, ಲೋಟ ಸರಳಿನ ನಡುವೆ ಹಾಯುವುದಿಲ್ಲ, ಬಾಟಲಿಯಲ್ಲಿ ಕೊಟ್ಟಳು. ದಿನವೂ ಮಾಡುವ ಕೆಲಸದಷ್ಟು ಸಲೀಸಾಗಿ ಬಾಟಲಿಯನ್ನು ಓರೆ ಮಾಡಿ ಹೊರಗಿಟ್ಟಳು.

"ಅಕ್ಕಾ, ನಾ ಕೀಲಿ ಒಡಸತೀನಿ. ನಡೀ ನನ್ನ ಜೋಡಿ."

"ಒಡಸಿ ಎಲ್ಲಿಗೆ ಹೋಗೂದು?"

"ಬೆಟಗೇರಿಗೆ."

ನಕ್ಕಳು. ಅವ್ವ ಹೇಳಿದ್ದ ನಗು ಇದೇ ಇರಬೇಕು. "ಅವ್ವ ಹೆಂಗ ಅದಾಳ? ಖಾಲಾ?"

"ನಾ ಆ ಸೀನ್ ನೋಡಿದೆ," ಎಂದೆ. "ಅಕ್ಷರ ಹಾಕ್ಕೊಂಡ ನೋಡಿದೆ."

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಸರಳಿನ ಮೇಲೆ ಕುಳಿತ ನೊಣವನ್ನು ಓಡಿಸಿದಳು. ಆಮೇಲೆ ಕೇಳಿದಳು. "ಆಕಿ ಏನಾದ್ಲು ಕೊನೀಗೆ? ಬಿಟ್ಟ ಹ್ವಾದ್ಲಾ?"

"ಏನೂ ಆಗಿಲ್ಲ. ಆಮ್ಯಾಲ ಒಂದ ಸಲ ಬಂದ ಹೋಗತಾಳ, ಮುಂದ ಆಕಿಗೆ ಸೀನಽ ಇಲ್ಲ. ಬರದಾವರ ಆಕಿನ್ನ ಮರತಬಿಟ್ಟಾರ."

"ನಾ ಇದ್ದಿದ್ರ ಆಕಿಗೆ ಮಾತ ಇರತಿದ್ವು," ಎಂದಳು.

ಓಣಿಯ ತುದಿಯಲ್ಲಿ ಮೋಟರ್ ಸೈಕಲ್ ತಿರುಗಿತು. ಯಾರೋ ಅವನನ್ನು ನಿಲ್ಲಿಸಿ ನಮಸ್ಕಾರ ಹೇಳಿ ಮಾತಾಡಿಸುತ್ತಿದ್ದರು, ಅವನೂ ನಗುತ್ತ ಮಾತಾಡುತ್ತಿದ್ದ. ಬಸ್ಸಿನಲ್ಲಿ ಜೋಡಿಸಿದ ವಾದ ಒಂದೂ ನೆನಪಾಗಲಿಲ್ಲ. ಅಕ್ಕ ಆಗಲೇ ಸೆರಗು ಸರಿಮಾಡಿಕೊಂಡು ಅತ್ತ ನೋಡುತ್ತಿದ್ದಳು. ನಾನು ಸರಳು ಹಿಡಿದು ಕೇಳಿದೆ:

"ಅವತ್ತ ನೀ ಟೀವಿ ನಿಲ್ಲಿಸಿ ಕೇಳಿದಿಯಲ್ಲ ಅಕ್ಕಾ, ಆವಾಗ ದೊಡ್ಡವ್ವ ಒಂದ ಸಲ ತಲಿ ಎತ್ತಿ, 'ಆಕಿ ತವರಮನಿಗೆ ಬರಲಿ,' ಅಂದಿದ್ರ, ನೀ ಇಲ್ಲಿಗೆ ವಾಪಸ್ ಬರತಿದ್ದೇನು?"